ಹತ್ತು ತಾಸಿನ ಎಣ್ಣೆ

ಬಿಚ್ಚಿ ಕಟ್ಟಿದ ಮೋಟರ್ ಮೇಲೆ ಭರವಸೆ ಇಡಬಹುದೇ ಎಂದು ಜನ ಇವತ್ತಿಗೂ ಕೇಳುತ್ತಾರೆ. ಬಂದು ಬಂದು ನನ್ನನ್ನು ಕೇಳುತ್ತಾರಲ್ಲ, ಅವರ ಬುದ್ಧಿಗೆ ಏನನ್ನಬೇಕು!

ಆಗ ಜಮಖಂಡಿ ಕಡೆಯ ಕೃಷ್ಣೆಯಲ್ಲಿ ನನ್ನದೊಂದು ದೋಣಿ ಇತ್ತು. ಸೇತುವೆ ಇರಲಿಲ್ಲ. ಆಚೆ ದಡಕ್ಕೆ ಹೋಗುವವರೆಲ್ಲ ಅದನ್ನೇ ಹತ್ತಬೇಕು. ಹಿಂದೆ ಕಟ್ಟಿದ ಪೆಟ್ರೋಲ್ ಮೋಟರ್ ಒಂದು ದಿನ ಕಟಕ್ ಎಂದು ನಿಂತೇಹೋಯಿತು. ಮಿರಜಿನ ವರ್ಕ್‌ಶಾಪಿಗೆ ಕಳಿಸು ಎಂದರು ಎಲ್ಲರೂ. ಬನಹಟ್ಟಿಯ ಪಂಪ್‌ಸೆಟ್ ಮಿಸ್ತ್ರಿಯೊಬ್ಬ ಮಾತ್ರ, "ಎಂಜಿನ್ ಅಂದ್ರ ಎಂಜಿನ್‌ರೀ. ಬಾವ್ಯಾಗ ಇದ್ರೇನು, ಹೊಳ್ಯಾಗ ಇದ್ರೇನು? ನಾ ಮಾಡ್ತೀನಿ," ಎಂದ. ದಡದಲ್ಲಿ ಕೂತವರು ಹಲ್ಲು ಕಿಸಿದರು. "ಏ, ಇವಾ ಕಟ್ಟಿದ್ದು ಹತ್ತಿದ್ರ ಈಜೂದು ಕಲತ ಹತ್ತಬೇಕಲೇ!"

ಅವನಿಗೆ ಸಿಟ್ಟು ಬಂತು. ಕುರಿ ಕಾಯುವ ಮನೆತನದವನು, ಬೀರಪ್ಪನ ಭಕ್ತ. ಸೊಂಟದ ಚೀಲದಿಂದ ಭಂಡಾರ, ಅಂದರೆ ದೇವರ ಅರಿಶಿನಪುಡಿ, ತೆಗೆದು ಆಣೆ ಮಾಡಿಯೇಬಿಟ್ಟ: "ನನ್ನ ತಪ್ಪಿಲಿಂದ ಇದು ನಡು ಹೊಳ್ಯಾಗ ನಿಂತ್ರ, ಮತ್ತ ಜನ್ಮದಾಗ ನಟ್ಟು ಬಿಚ್ಚೂ ಪಾನಾ ಮುಟ್ಟೂದಿಲ್ಲ." ಭಂಡಾರ ಮುಟ್ಟಿ ಆಡಿದ ಮಾತಿಗೆ ನಮ್ಮ ಕಡೆ ಯಾರೂ ತಪ್ಪುವುದಿಲ್ಲ.

ಹದಿನೈದು ದಿನ ಹಿಡಿಯಿತು. ಹೊಸ ಪಿಸ್ಟನ್ ಹಾಕಿ ಕಟ್ಟಿ ತಂದ. ಹಗ್ಗ ಒಮ್ಮೆ ಜಗ್ಗಿದರೆ ಸಾಕು, ಚಾಲೂ. "ಹತ್ತು ತಾಸು ನಡಿಯೂತನಕ ಪೆಟ್ರೋಲಿಗೆ ಎಣ್ಣಿ ಎರಡು ಪಟ್ಟು ಕಲಸ್ರಿ. ಹೊಗಿ ಬರ್ತೈತಿ, ಬರ್ಲಿ. ಜೋರ್ ಓಡಸಬ್ಯಾಡ್ರಿ, ಹೊಸಾ ಪಿಸ್ಟನ್ ಕಚ್ಚಿಕೊಂತೈತಿ," ಎಂದ. ಹೂಂ ಎಂದೆ.

ನಾಲ್ಕನೇ ದಿನ, ಹತ್ತು ತಾಸು ಇನ್ನೂ ತುಂಬುವ ಮೊದಲೇ, ಮದುವೆಯ ದಿಬ್ಬಣ ಬಂತು. ಹೊಗೆ ಕಂಡಿದ್ದೇ ತಡ, ಇಳಕಲ್ ಸೀರೆಯ ಹೆಂಗಸರು ಮೂಗು ಮುಚ್ಚಿಕೊಂಡರು. "ಇದೇನು ದೋಣಿಯೋ, ಗಾಣದ ಒಲಿಯೋ?" ಎಂದ ವರನ ಅಪ್ಪ. ಎಲ್ಲರೂ ನಕ್ಕರು. ನನ್ನ ಮೈ ಉರಿದುಹೋಯಿತು. ಟ್ಯಾಂಕ್ ಖಾಲಿ ಮಾಡಿ ಬರೀ ಪೆಟ್ರೋಲ್ ಸುರಿದೆ, ಎಣ್ಣೆಯನ್ನು ನೆಪಕ್ಕೆ ನಾಲ್ಕು ಹನಿ ತೋರಿಸಿದೆ. ಹೊಗೆ ನಿಂತಿತು. ಜೋರು ಮಾಡಿದೆ. ನಡು ಹೊಳೆಯಲ್ಲಿ ಮೋಟರ್ ಕಿರ್ರ್ ಎಂದು ಕಚ್ಚಿಕೊಂಡು ನಿಂತಿತು.

ಸೆಳವು ನಮ್ಮನ್ನು ದೂರ ಒಯ್ದು ದಡದ ಜಾಲಿಕಂಟಿಗೆ ಹಾಕಿತು. ಜೀವ ಉಳಿಯಿತು, ಮುಹೂರ್ತ ಉಳಿಯಲಿಲ್ಲ. ವರನ ಅಪ್ಪ ನನ್ನ ಅಂಗಿ ಹಿಡಿದ. "ನನಗ್ಯಾಕ ಹೊಡಿತೀರಿ? ಮಿಸ್ತ್ರಿ ಕಟ್ಟಿದ್ದದು!" ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಂದ!

ಮರುದಿನ ದಡದಲ್ಲೇ, ದಿಬ್ಬಣದ ಗಂಡಸರ ಎದುರಿಗೇ, ಮಿಸ್ತ್ರಿ ಎಂಜಿನ್ ಬಿಚ್ಚಿದ. ಪಿಸ್ಟನ್ ಮೈತುಂಬ ಗೀರು, ಒಂದು ಹನಿ ಜಿಡ್ಡಿಲ್ಲ. ಬೆರಳಾಡಿಸಿ ನೋಡಿ ತಲೆಯೆತ್ತಿದ.

"ಎಣ್ಣಿ ಹಾಕಿದ್ರೀ?"

"ನೀ ಹೇಳಿದಷ್ಟ ಹಾಕೇನಿ."

ಅವನು ಭಂಡಾರದ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದ. "ಮುಟ್ಟಿ ಹೇಳ್ರಿ. ನೀವು ಮುಟ್ಟಿದ್ರ ತಪ್ಪು ನಂದ."

ಎಲ್ಲರೂ ನೋಡುತ್ತಿದ್ದರು. ಮುಟ್ಟಿದೆ. ಬೆರಳಿಗೆ ಹತ್ತಿದ ಹಳದಿಯನ್ನು ಧೋತರಕ್ಕೆ ಒರೆಸಿಕೊಂಡೆ.

ಅವನು ಮತ್ತೊಮ್ಮೆ ಪಿಸ್ಟನ್ ನೋಡಿದ. "ಹಂಗಾದ್ರ ನಂದ ಏನೋ ತಪ್ಪೇತ್ರಿ," ಎಂದು ಪಾನಾಗಳ ಗಂಟನ್ನು ನನ್ನ ದೋಣಿಯಲ್ಲಿಟ್ಟು ನಡೆದ. ಥೂ ನನ್ನ ಜನ್ಮಕ್ಕೆ! ಕಣ್ಣಾರೆ ಕಂಡಿದ್ದನ್ನು ಬಿಟ್ಟು ನನ್ನನ್ನು ನಂಬಿದ.

ಮೋಟರನ್ನು ಮಿರಜಿಗೆ ಒಯ್ದೆ. ಪಿಸ್ಟನ್ ಬದಲಿಸಿದವನು, "ಉಳಿದದ್ದು ಭಾಳ ಛಲೋ ಕಟ್ಯಾರ. ಯಾರು ಮಾಡಿದ್ದು?" ಎಂದ. ಗೊತ್ತಿಲ್ಲ ಎಂದೆ. ಈ ಸಲ ಹತ್ತು ತಾಸೂ ಎಣ್ಣೆ ಎರಡು ಪಟ್ಟು ಹಾಕಿದೆ. ವರ್ಷಗಟ್ಟಲೆ ಓಡಿತು.

ಮಿಸ್ತ್ರಿ ಆಚೆ ದಡದ ಕಬ್ಬಿನ ಹೊಲಕ್ಕೆ ಆಳಾಗಿ ಹೋಗತೊಡಗಿದ. ನನ್ನದೇ ದೋಣಿ, ಬೇರೆ ದಾರಿಯಿಲ್ಲ. ಮೋಟರಿಗೆ ಬೆನ್ನು ಮಾಡಿ ಕೂಡುತ್ತಿದ್ದ. ಒಂದು ದಿನ ನಡು ಹೊಳೆಯಲ್ಲಿ, ತಿರುಗಿ ಕೂಡ ನೋಡದೆ, "ಸದ್ದು ಬ್ಯಾರೆ ಬರಾಕತ್ತೈತಿ. ಎಣ್ಣಿ ಕಡಿಮಿ ಆಗೇತ್ರಿ," ಎಂದ.

"ಸುಮ್ಮ ಕುಂದ್ರಲೇ! ನಿನ್ನ ಮಿಸ್ತ್ರಿಕಿ ಎಲ್ಲಾರೂ ನೋಡೀವಿ," ಎಂದು ಯಾರೋ ಕೂಗಿದರು. ದೋಣಿ ತುಂಬ ನಗು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ದಡ ಸೇರಿ ಅವನು ಇಳಿದುಹೋದ ಮೇಲೆ ಡಬ್ಬಿ ತೆಗೆದು ಎಣ್ಣೆ ಹಾಕಿದೆ.