ಫೋಟೋಗ್ರಾಫರ್ ಕೇಳಿದ ಪಟ್ಟಿ

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ನನಗಿರುವುದು ತಪ್ಪು ಹುಡುಕುವ ಕೆಲಸ. ತಯಾರಾಗಿ ಬಂದ ಒಂದೊಂದು ಬಿಡಿಭಾಗವನ್ನೂ ತಿರುಗಿಸಿ ನೋಡಿ ಪಾಸು ಮಾಡಬೇಕು. ಮದುವೆ ಗೊತ್ತಾದಾಗ ಫೋಟೋಗ್ರಾಫರನ್ನೂ ಹಾಗೆಯೇ ಆರಿಸಲು ಹೊರಟೆ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಬುದ್ಧಿ ಬಂದ ಮೇಲೆ ಅವ್ವನ ಪಕ್ಕ ನಾನು ನಿಂತ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಮದುವೆಯಲ್ಲಾದರೂ ಅಂಥದ್ದೊಂದು ಚೆನ್ನಾಗಿ ಬರಲಿ ಎಂಬುದೊಂದೇ ನನ್ನ ಆಸೆ.

ನನ್ನನ್ನು ಮದುವೆಯಾಗುವ ಹುಡುಗ ಚನ್ನಪಟ್ಟಣದವನು. ಅವನನ್ನು ಜೊತೆಗೆ ಕಟ್ಟಿಕೊಂಡು ರಾಮನಗರದ ಸ್ಟುಡಿಯೋಗಳನ್ನೆಲ್ಲ ಹತ್ತಿಳಿದೆ. ಮೊದಲನೆಯವನ ಆಲ್ಬಮ್ಮಿನಲ್ಲಿದ್ದ ವಧುವೇ ಮೂರನೆಯವನ ಗೋಡೆಯ ಮೇಲೂ ನಗುತ್ತಿದ್ದಳು. ಈಯಮ್ಮನಿಗೆ ಎಷ್ಟು ಮದುವೆ ಎಂದು ಕೇಳಿಯೇಬಿಟ್ಟೆ. ಇನ್ನೊಬ್ಬ ಬೆಟ್ಟದ ಮೇಲೆ ಡ್ರೋನ್ ಹಾರಿಸುತ್ತೇನೆ ಎಂದು ಆಕಾಶ ತೋರಿಸಿದ. ಮುಹೂರ್ತಕ್ಕೆ ನೀವೇ ಬರುತ್ತೀರಾ ಎಂದರೆ ನಮ್ಮ ಹುಡುಗರು ಬರುತ್ತಾರೆ ಎಂದ.

"ಫೋಟೋ ತೆಗೆಯೋನ್ನ ಹುಡುಕ್ತಿದ್ದೀಯೋ, ಕಳ್ಳನ್ನ ಹಿಡೀತಿದ್ದೀಯೋ?" ಎಂದು ಹುಡುಗ ರೇಗಿಸಿದ.

ಕೊನೆಗೆ ಪಾಸಾದವನು ಬಸ್ ನಿಲ್ದಾಣದ ಹಿಂದಿನ ಚಿಕ್ಕ ಸ್ಟುಡಿಯೋದವನು. ಆರಿಸಿಟ್ಟ ಫೋಟೋ ಬೇಡ, ಒಂದೇ ಮದುವೆಯ ಎಲ್ಲ ಫೋಟೋ ತೋರಿಸಿ ಎಂದೆ, ತೋರಿಸಿದ. ಕ್ಯಾಮೆರಾ ಕೆಟ್ಟರೆ ಎಂದೆ, ಇನ್ನೊಂದಿದೆ ಎಂದ. ಮದುವೆಯಾಗುವವರು ಸಿಕ್ಕರೆ ಇದನ್ನೆಲ್ಲ ಕೇಳಿ ಎಂದು ಈಗಲೂ ಹೇಳುತ್ತೇನೆ. ನನ್ನ ಪ್ರಶ್ನೆಗಳು ಮುಗಿದ ಮೇಲೆ ಅವನೇ ಒಂದು ಹಾಳೆ ಮುಂದಿಟ್ಟ.

"ಮೇಡಂ, ಮನೆಯೋರ್ದು ಒಂದ್ ಲಿಸ್ಟ್ ಬರ್ಕೊಡಿ, ಯಾರು ಏನಾಗ್ಬೇಕು ಅಂತ. ಆವತ್ತು ಜನದಲ್ಲಿ ನಮ್ಗೆ ಗೊತ್ತಾಗಕಿಲ್ಲ."

ಇವನದೂ ಏನೋ ಮಸಲತ್ತು ಎನ್ನಿಸಿತು. ಒಬ್ಬೊಬ್ಬರಿಗೂ ಒಂದೊಂದು ಫ್ರೇಮ್ ಗಂಟು ಹಾಕುವ ಯೋಚನೆಯಿರಬೇಕು. "ನಮ್ಮ ವಂಶಾವಳಿ ಕಟ್ಕೊಂಡು ನಿಮಗೇನು? ಸ್ಟೇಜ್ ಮೇಲೆ ಬಂದೋರ್ನೆಲ್ಲ ತೆಗೀರಿ, ಸಾಕು" ಎಂದು ಹಾಳೆಯನ್ನು ಹಿಂದಕ್ಕೆ ತಳ್ಳಿದೆ.

ಅವನು ಹಾಗೆಯೇ ಮಾಡಿದ. ನಮ್ಮ ಮನೆಗಳಲ್ಲಿ ಗಂಡನಿಲ್ಲದವಳು ಮಗಳ ಮದುವೆಯಲ್ಲೂ ಮಂಟಪ ಹತ್ತುವುದಿಲ್ಲ. ಹಿಂದಿನ ಸಂಜೆಯ ಆರತಕ್ಷತೆಯಲ್ಲಿ ಅವ್ವ ಬಂದವರನ್ನು ಊಟಕ್ಕೆ ಕೂರಿಸುತ್ತಾ ಕೆಳಗೇ ಓಡಾಡಿದಳು. ಬೆಳಿಗ್ಗೆ ದೊಡ್ಡಪ್ಪ, ದೊಡ್ಡಮ್ಮ ಧಾರೆ ಎರೆದರು. ಅವ್ವ ಊಟದ ಮನೆಯ ಬಾಗಿಲಲ್ಲಿ ನಿಂತು ನೋಡಿದಳು. ನಾನು ಮಂಟಪದಲ್ಲಿ ಕುಳಿತು ಏನು ಮಾಡುತ್ತಿದ್ದೆ? ಎರಡನೆಯ ಕ್ಯಾಮೆರಾ ನಿಜವಾಗಿ ತಂದಿದ್ದಾನೋ ಇಲ್ಲವೋ ಎಂದು ಅವನ ಚೀಲದ ಮೇಲೇ ಕಣ್ಣಿಟ್ಟಿದ್ದೆ.

ಆಲ್ಬಮ್ ಬಂದಾಗ ಕೂಟಗಲ್ಲಿನ ತವರಿಗೆ ತೆಗೆದುಕೊಂಡು ಹೋದೆ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಪುಟ ತಿರುಗಿಸಿದಳು. ಧಾರೆಯ ಪುಟದಲ್ಲಿ ದೊಡ್ಡಪ್ಪ ದೊಡ್ಡಮ್ಮನ ಕೆಳಗೆ ಬಂಗಾರದ ಬಣ್ಣದಲ್ಲಿ 'ಅಪ್ಪ ಅಮ್ಮನ ಜೊತೆ' ಎಂದು ಅಚ್ಚಾಗಿತ್ತು. ಅವಳು ಅಕ್ಷರ ಕೂಡಿಸಿಕೊಂಡು ಓದಿದಳು. ನಾನು ಕಿತ್ತುಕೊಂಡು ಮೊದಲಿಂದ ಕೊನೆಯವರೆಗೆ ಮಗುಚಿದೆ. ಅವ್ವ ಎಲ್ಲೂ ಇರಲಿಲ್ಲ.

"ಆ ಫೋಟೋದವನ್ನ ಸುಮ್ನೆ ಬಿಡಲ್ಲ ಕಣವ್ವ. ಈಗ್ಲೇ ಹೋಗಿ ಕೇಳ್ತೀನಿ" ಎಂದು ಚಪ್ಪಲಿ ಮೆಟ್ಟಿದೆ.

ಅವ್ವ ಆಲ್ಬಮ್ಮನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು ಮತ್ತೆ ಅದೇ ಪುಟ ತೆಗೆದಳು.

"ಅವನಿಗೇನ್ ಗೊತ್ತು ಮಗ, ನಾನ್ಯಾರು ಅಂತ. ನೀನು ಒಂದ್ ಸಲ ಬಾರವ್ವ ಅಂದಿದ್ರೆ ನಾನು ಬತ್ತಿದ್ದೆ."