ಗ್ಯಾಸಿಗೂ ಕೊಸರು ಕೇಳಿದೆ

ಕೊಸರಿಲ್ಲದೆ ಕೊತ್ತಂಬರಿ ಸಿವುಡನ್ನೂ ಮನೆಗೆ ತಂದವನಲ್ಲ ನಾನು. ಖಾನಾಪುರದಲ್ಲಿ ಮೂವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವನು. ತೂಗಿದ ಮೇಲೆ ಒಂದು ಚಿಟಿಕೆ ಹೆಚ್ಚು ಹಾಕದ ಕೈ ಕೈಯೇ ಅಲ್ಲ ಎಂದು ನಂಬಿದವನು. ಹೋದ ಬೇಸಿಗೆಯಲ್ಲಿ ಆ ನಂಬಿಕೆಯೇ ನನ್ನ ಮರ್ಯಾದೆ ತೆಗೆಯಿತು.

ಹೆಂಡತಿಗೆ ಎದೆಗಂಟಿನ ಆಪರೇಶನ್ ಆಗಿ, ಬೆಳಗಾವಿಯಲ್ಲಿ ರೇಡಿಯೇಶನ್ ಶುರುವಾಗಿತ್ತು. ಐದು ವಾರ, ಶನಿವಾರ ರವಿವಾರ ಬಿಟ್ಟು ದಿನಾ ಹೋಗಬೇಕು, ಒಂದೂ ತಪ್ಪಿಸಬಾರದು ಎಂದಿದ್ದರು ಡಾಕ್ಟರು. ಮೂರನೇ ವಾರಕ್ಕೆ ನಮ್ಮ ಹಳೇ ಕಾರಿನ ಎಸಿ ಬಿಸಿಗಾಳಿ ಊದತೊಡಗಿತು. ರೇಡಿಯೇಶನ್ನಿಗೆ ಕೆಂಪೇರಿದ ಚರ್ಮದ ಮೇಲೆ ಬೆವರಿಳಿದರೆ ಆಕೆಗೆ ಜೀವ ಹೋದಂತಾಗುತ್ತಿತ್ತು. ಕಿಟಕಿ ತೆರೆದರೆ ಧೂಳು. ಶುಕ್ರವಾರ ಮನೆಗೆ ಬಂದವಳೇ ಹೇಳಿದಳು:

"ಸೋಮವಾರ ನಾ ಬರೂದಿಲ್ಲ. ಸಾಕಾಗೇತಿ ನನಗ."

ಬೈದು ಹೇಳಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಆದರೆ ಮೆತ್ತಗೆ ಹೇಳಿದಳು. ನನಗೆ ಹೆದರಿಕೆಯಾಯಿತು.

ಎಸಿಯ ಗ್ಯಾಸು ಕಮ್ಮಿಯಾಗಿದೆ, ತುಂಬಿದರಾಯಿತು ಎಂದು ಸಂಜೆಯೇ ಎರಡು ಡಬ್ಬಿ ತಂದೆ. ಒಂದು ತುಂಬಿದ್ದಕ್ಕೆ ಗಾಳಿ ತಂಪಾಯಿತು. ಅಲ್ಲಿಗೆ ಬಿಟ್ಟರೆ ನಾನು ನಾನಲ್ಲವಲ್ಲ! ಕೊಸರೆಂದು ಎರಡನೆಯದನ್ನೂ ತುಂಬಿದೆ. ಮತ್ತೆ ಬಿಸಿಗಾಳಿ. ಹೆಚ್ಚಾದದ್ದನ್ನು ಹೊರಬಿಡೋಣವೆಂದು ಸ್ಕ್ರೂಡ್ರೈವರಿನಿಂದ ವಾಲ್ವ್ ಒತ್ತಿದೆ. ಬುಸ್ಸೆಂದು ಬಂದ ಗ್ಯಾಸಿಗೆ ತೋರುಬೆರಳು ಬೆಳ್ಳಗಾಗಿ ಮರಗಟ್ಟಿತು. ಮಾಡಬಾರದ್ದು ಮಾಡಿದರೆ ಆಗಬಾರದ್ದು ಆಗುತ್ತದೆ. ಹೆಂಡತಿ ಬೈಯಲಿಲ್ಲ, ಬೆರಳನ್ನು ಉಗುರುಬೆಚ್ಚಗಿನ ನೀರಲ್ಲಿ ಹಿಡಿದು ಕೂತಳು.

ಶನಿವಾರ ಬೆಳಗಾವಿಯ ಕ್ಯಾಂಪ್ ಪ್ರದೇಶದ ಒಬ್ಬ ಮೆಕ್ಯಾನಿಕ್ಕನ ಹತ್ತಿರ ಹೋದೆ. ಮಿಲಿಟರಿ ಗಾಡಿಗಳನ್ನು ರಿಪೇರಿ ಮಾಡಿ ನಿವೃತ್ತನಾದ ಮನುಷ್ಯ. ಕಾರಿಗಿಂತ ಮೊದಲು ನನ್ನ ಬೆರಳು ನೋಡಿ, ಇದೇ ಕಣ್ಣಿಗೆ ಹಾರಿದ್ದರೆ ಏನು ಮಾಡುತ್ತಿದ್ದಿರಿ ಎಂದು ಗದರಿಸಿದ. ಆಮೇಲೆ ಕನ್ನಡಕ, ಕೈಗವಸು ಹಾಕಿಕೊಂಡು ನಾನು ತುಂಬಿದ್ದ ಗ್ಯಾಸನ್ನೆಲ್ಲ ಗಾಳಿಗೆ ಬಿಡದೆ ಯಂತ್ರದೊಳಕ್ಕೆ ಎಳೆದುಕೊಂಡ. ಸೋರುತ್ತಿದ್ದುದು ಬಿರುಕುಬಿಟ್ಟ ಒಂದು ರಬ್ಬರ್ ಉಂಗುರದಿಂದ. ಅದನ್ನು ಬದಲಿಸಿ, ಪೈಪಿನೊಳಗಿನ ಗಾಳಿ ತೆಗೆದು, ಮೀಟರಿನ ಮುಳ್ಳು ಅಲುಗುತ್ತದೆಯೇ ಎಂದು ಅರ್ಧ ತಾಸು ಕಾದ. ಕೊನೆಗೆ ಗ್ಯಾಸಿನ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಬಾನೆಟ್ ಒಳಗಿನ ಚೀಟಿಯಲ್ಲಿ ಬರೆದಷ್ಟೇ ತೂಗಿ ತುಂಬಿದ.

ತಕ್ಕಡಿ ಕಂಡ ಮೇಲೆ ನನ್ನ ನಾಲಿಗೆ ಸುಮ್ಮನಿದ್ದೀತೇ? ಮೇಲೊಂದಿಷ್ಟು ಕೊಸರು ಹಾಕು ಎಂದೆ.

"ಸಾವಕಾರ್ರ, ಇದಕ್ಕ ಕೊಸರು ಹಾಕಿದ್ರ ತಂಪು ಹೆಚ್ಚಾಗಂಗಿಲ್ಲ, ಪೈಪ್ ಒಡೀತೈತಿ. ಎಷ್ಟು ಬೇಕೋ ಅಷ್ಟ."

ತಕ್ಕಡಿ ಹಿಡಿದೇ ಮುದುಕನಾದವನಿಗೆ ತಕ್ಕಡಿಯ ಪಾಠ! ಸಿಟ್ಟು ಬಂತು, ನುಂಗಿಕೊಂಡೆ.

ಸೋಮವಾರ ನಾನು ಆಕೆಯನ್ನು ಕರೆಯಲೇ ಇಲ್ಲ. ಕಾರನ್ನು ಬಾಗಿಲಿಗೆ ತಂದು, ಎಸಿ ಹಾಕಿ ಕೂತೆ. ಹೊಸ್ತಿಲಲ್ಲಿ ನಿಂತು ನೋಡಿದಳು. ಹತ್ತಿರ ಬಂದು ಗಾಳಿಗೆ ಅಂಗೈ ಒಡ್ಡಿದಳು. ಆಮೇಲೆ ಹತ್ತಿ ಕುಳಿತಳು. ಪೀರನವಾಡಿ ದಾಟುವಾಗ ನಿದ್ದೆ ಹೋಗಿದ್ದಳು. ನಾಚಿಕೆಯೇನು, ಸ್ಟೀರಿಂಗ್ ಹಿಡಿದೇ ಅತ್ತೆ.

ಒಂದೂ ತಪ್ಪಲಿಲ್ಲ. ಕೊನೆಯ ದಿನ ಡಾಕ್ಟರು, ಎಲ್ಲ ಚೆನ್ನಾಗಿ ಆಗಿದೆ, ಇನ್ನು ಸಾಕು ಎಂದರು. ನನಗೆ ಸಮಾಧಾನವಾಗಲಿಲ್ಲ. ಯಾವುದಕ್ಕೂ ಇರಲಿ, ಇನ್ನೆರಡು ಸಲ ಕೊಟ್ಟುಬಿಡಿ ಎಂದೆ. ಹೆಂಡತಿ ನನ್ನ ತೊಡೆ ಚಿವುಟಿದಳು.

"ಸಾಕ್ ಮಾಡ್ರಿ. ಇಲ್ಲೂ ಕೊಸರು ಬೇಕೇನ ನಿಮಗ?"

ಆಪರೇಶನ್ ಆದ ಮೇಲೆ ಆಕೆ ನನ್ನನ್ನು ಬೈದದ್ದು ಅದೇ ಮೊದಲು.