ಉಳಿತಾಯದ ಪಟ್ಟಿಯಲ್ಲಿ ನಾನು

ಬೆಳ್ಳಾರೆಯ ಒಂದು ಅಡಿಕೆ ಹಾಳೆತಟ್ಟೆ ಕಾರ್ಖಾನೆಯಲ್ಲಿ ನಾನು ರೈಟರ್. ಪತ್ರ ಬರೆಯುವುದು, ಹಾಜರಿ ಹಾಕುವುದು, ಬ್ಯಾಂಕಿಗೆ ಹೋಗಿಬರುವುದು ನನ್ನ ಕೆಲಸ. ಕರೆಂಟ್ ಬಿಲ್ಲು ನೋಡಿ ಕಂಗಾಲಾದ ಸಾಹುಕಾರರು ಮಂಗಳೂರಿನಿಂದ ಒಬ್ಬ ಸಲಹೆಗಾರರನ್ನು ಕರೆಸಿದರು. ಖರ್ಚು ಎಲ್ಲಿ ತಗ್ಗಿಸಬಹುದೆಂದು ಅವರು ಹೇಳಬೇಕು. ಮೊದಲ ವರ್ಷದ ಉಳಿತಾಯದಲ್ಲಿ ಮೂರರಲ್ಲೊಂದು ಪಾಲು ಅವರಿಗೆ. ಕರಾರುಪತ್ರ ಟೈಪ್ ಮಾಡಿದವನು ನಾನೇ.

ಅವರು ನಾಲ್ಕು ದಿನ ಓಡಾಡಿದರು. ನನ್ನೆದುರು ಕುಳಿತು ಬಹಳ ವಿನಯದಿಂದ ನನ್ನ ಕೆಲಸದ ಬಗ್ಗೆ ಕೇಳಿದರು. ನಾನು ಚಹಾ ತರಿಸಿ ಎಲ್ಲವನ್ನೂ ಬಿಡಿಸಿ ಹೇಳಿದೆ.

ವರದಿ ಇಂಗ್ಲಿಷಿನಲ್ಲಿ ಬಂತು. ಸಾಹುಕಾರರಿಗೆ ಬ್ಯಾರಿ, ತುಳು, ಕನ್ನಡದಲ್ಲೇ ವ್ಯಾಪಾರ ಸಾಗುತ್ತಿದ್ದುದರಿಂದ ಇಂಗ್ಲಿಷ್ ಓದಿ ಹೇಳುವುದು ನನ್ನ ಪಾಲಿಗಿತ್ತು. ತಟ್ಟೆ ಒತ್ತುವ ಮಿಷಿನುಗಳನ್ನು ಇಡೀ ದಿನ ಕಾಯಿಸಿಡಬೇಡಿ ಎಂಬುದು ಮೊದಲ ಸಲಹೆ. ಸಾಹುಕಾರರು ತಲೆದೂಗಿದರು. ಎರಡನೆಯದಕ್ಕೆ ಬಂದಾಗ ನಾನು ತಡವರಿಸಿದೆ.

"ಎಂತ ಮಾರಾಯ, ನಿಲ್ಲಿಸಿದ್ದು? ಓದು."

"ರೈಟರ್ ಹುದ್ದೆ ಅಗತ್ಯ ಇಲ್ಲ ಅಂತ ಉಂಟು."

ಸಾಹುಕಾರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿನ್ನ ಚಹಾ ಕುಡಿದು ನಿನ್ನನ್ನೇ ಬರೆದದ್ದಾ!" ಎನ್ನುತ್ತಲೇ, ವರದಿಯ ಕೆಳಗೆ ಒಪ್ಪಿದ್ದೇನೆಂದು ಸಹಿ ಹಾಕಿದರು. "ಅದು ಲೆಕ್ಕಕ್ಕಿಲ್ಲ, ನೀನು ಕೂತ್ಕೊ" ಎಂದರು. ನಾನು ಕೂತೆ. ನಗಲು ಮಾತ್ರ ನನ್ನಿಂದಾಗಲಿಲ್ಲ.

ಕರೆಂಟ್ ಬಿಲ್ಲು ನಿಜವಾಗಿಯೂ ಇಳಿಯಿತು. ವರ್ಷ ತುಂಬಿದ ಮೇಲೆ ಸಲಹೆಗಾರರ ಬಿಲ್ಲು ಬಂತು. ಅದರಲ್ಲಿ ನನ್ನ ಸಂಬಳದ ಮೂರರಲ್ಲೊಂದು ಪಾಲೂ ಸೇರಿತ್ತು.

"ರೈಟರ್ ಇಲ್ಲೇ ಕೂತಿದ್ದಾನೆ, ಮತ್ತೆ ಎಂತ ಉಳಿದದ್ದು?" ಎಂದು ಸಾಹುಕಾರರು ಫೋನಿನಲ್ಲಿ ಕೂಗಿದರು.

"ನೀವು ಒಪ್ಪಿ ಸಹಿ ಹಾಕಿದ್ದೀರಿ. ತೆಗೆಯದೆ ಇದ್ರೆ ಅದು ನನ್ನ ತಪ್ಪಾ?" ಎಂದರು ಅವರು.

ಪತ್ರವ್ಯವಹಾರ ಶುರುವಾಯಿತು. ಪತ್ರ ಬರೆಯಲು ಕಾರ್ಖಾನೆಯಲ್ಲಿ ಇದ್ದವನು ನಾನೊಬ್ಬನೇ. ನಾನು ಅಗತ್ಯದವನು ಎಂದು ಒಂದು ಸಾಲು ಸೇರಿಸಿದ್ದೆ. ನಮ್ಮ ಪರವಾಗಿದ್ದ ಪುತ್ತೂರಿನ ವಕೀಲರು ಅದನ್ನು ಹೊಡೆದುಹಾಕಿದರು. "ನೀವು ಬೇಕಾ ಬೇಡ್ವಾ ಅನ್ನುದು ಇಲ್ಲಿ ವಿಷಯ ಅಲ್ಲ ಮಾರಾಯ್ರೆ. ತೆಗೆದಿಲ್ಲ ಅಂತ ಮಾತ್ರ ಬರೀರಿ."

ಕೊನೆಗೆ ವಕೀಲರ ಆಫೀಸಿನಲ್ಲಿ ಎಲ್ಲರೂ ಕುಳಿತೆವು. ಉಳಿತಾಯ ಆಗಿಲ್ಲ ಎಂಬುದಕ್ಕೆ ಪುರಾವೆಯಾಗಿ ನನ್ನ ಸಂಬಳದ ವೋಚರುಗಳನ್ನು ನಾನೇ ಒಂದೊಂದಾಗಿ ತೆಗೆದಿಟ್ಟೆ. ಸಲಹೆಗಾರರು ನೋಡಿ ನಿಟ್ಟುಸಿರಿಟ್ಟರು.

"ಸರಿ, ಕರೆಂಟಿನ ಪಾಲು ಮಾತ್ರ ಕೊಡಿ. ಆದ್ರೆ ನಾಳೆಯೇ ಇವರನ್ನು ತೆಗೆದ್ರೆ ನಾನು ಮಂಗ ಆಗುದಿಲ್ವಾ? ಎರಡು ವರ್ಷದೊಳಗೆ ತೆಗೆದ್ರೆ ನನ್ನ ಪಾಲು ಪೂರ್ತಿ ಕೊಡ್ಬೇಕು ಅಂತ ಬರೀರಿ."

ಸಾಹುಕಾರರು ಒಪ್ಪಿದರು. ಆ ಷರತ್ತನ್ನು ಟೈಪ್ ಮಾಡುವಾಗ ನನ್ನ ಬೆರಳು ಎಲ್ಲಿಯೂ ತಪ್ಪಲಿಲ್ಲ. ಹದಿನೈದು ವರ್ಷ ದುಡಿದರೂ ಸಿಗದ ಭದ್ರತೆಯನ್ನು, ನನ್ನನ್ನು ತೆಗೆಯಿರಿ ಎಂದವರೇ ಬರೆಸಿಕೊಟ್ಟಿದ್ದರು.

ಆ ಎರಡು ವರ್ಷ ಮುಗಿದು ಈಗ ಕೆಲವು ತಿಂಗಳಾಯಿತು. ಸಾಹುಕಾರರು ಏನೂ ಹೇಳಿಲ್ಲ. ನಾನೂ ನೆನಪಿಸಲು ಹೋಗಿಲ್ಲ.